ಶಿವನಿಯ ಪಾದಪೂಜೆ ಪ್ರಕರಣ

ಶಿವನಿಯಲ್ಲಿ ಒಬ್ಬ ಮನುಷ್ಯನ ಮತ ಬದಲಾಗಬೇಕಾದರೆ ಆ ವಿಷಯ ಅವನಿಗೂ ಗೊತ್ತಿರಬೇಕೆಂಬ ನಿಯಮವೇನೂ ಇಲ್ಲ. ಬೀದಿ ನಲ್ಲಿಯ ಹತ್ತಿರ ಗೊತ್ತಾದರೆ ಸಾಕು. ರೊಮೆಲಪ್ಪನ ವಿಷಯದಲ್ಲಿ ಆದದ್ದೂ ಅದೇ. ಅವನು ಗುರುವಾರ ಸಂಜೆ ಐದೂವರೆಗೆ ಲಿಂಗಾಯತನಾದ. ಶನಿವಾರ ಬೆಳಗ್ಗೆ ಪೊಲೀಸಿನವರು ಬಂದು ತಿಳಿಸುವ ತನಕ ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದೆ ಇದ್ದದ್ದು ಅವನೊಬ್ಬನಿಗೇ.

ರೊಮೆಲ್ ಎಂಬುದು ಹೆತ್ತವರು ಇಟ್ಟ ಹೆಸರು. ಬೋಳು ಹೆಸರು ಹಿಡಿದು ಕರೆಯುವುದು ಮರ್ಯಾದೆಯಲ್ಲವೆಂದು ಕೊನೆಗೊಂದು ಅಪ್ಪ ಸೇರಿಸಿದವರು ಶಿವನಿಯವರು. ಊರು ಫಿಲಿಪ್ಪೀನ್ಸ್ ದೇಶದ ಕಡಲ ದಂಡೆಯ ಇಲೊಯಿಲೊ, ವಯಸ್ಸು ಮೂವತ್ತನಾಲ್ಕು, ಕ್ಯಾಥೊಲಿಕ್ ಮಿಷನ್ನಿನ ಕಡೆಯಿಂದ ಬಂದ ಫಿಸಿಯೊಥೆರಪಿಸ್ಟು. ಅವನು ಪಾದ್ರಿಯಲ್ಲ. ಆದರೆ ಚರ್ಚಿನ ಕಡೆಯಿಂದ ಬಂದವರು ಪಾದ್ರಿಗಳಲ್ಲದೆ ಇನ್ನೇನಾಗಲು ಸಾಧ್ಯ ಎಂದು ಊರು ತೀರ್ಮಾನಿಸಿದ ಮೇಲೆ ಅವನೂ ತಿದ್ದುವುದನ್ನು ಬಿಟ್ಟುಬಿಟ್ಟಿದ್ದ. ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಕೋಣೆಯಲ್ಲಿ ಅವನ ಕೆಲಸ. ಬೋರ್ಡಿನಲ್ಲಿ ಏನೇನೋ ಬರೆದಿತ್ತು. ಜನ ಕರೆಯುತ್ತಿದ್ದದ್ದು ಮಂಡಿ ಆಸ್ಪತ್ರೆ ಎಂದು. ರಾಗಿ ಹೊಲದಲ್ಲಿ ಮೂವತ್ತು ವರ್ಷ ಕಳೆ ಕಿತ್ತ ಮಂಡಿಗಳು, ತೆಂಗಿನಮರದಿಂದ ಜಾರಿದ ಸೊಂಟಗಳು, ಬೈಕಿನಿಂದ ಬಿದ್ದ ಹೆಗಲುಗಳು, ಎಲ್ಲ ಅಲ್ಲಿಗೇ ಬರುತ್ತಿದ್ದವು.

ಅವನ ಪಾಸ್‌ಪೋರ್ಟಿನಲ್ಲಿ ಒತ್ತಿದ್ದದ್ದು ಮಿಷನರಿ ವೀಸಾ. ಅದರ ಕರಾರು ವಿಚಿತ್ರವಾದದ್ದು: ಮಿಷನರಿಯಾಗಿ ಇರಬಹುದು, ಯಾರನ್ನೂ ಮತಕ್ಕೆ ಸೇರಿಸಿಕೊಳ್ಳುವಂತಿಲ್ಲ. ರೊಮೆಲಪ್ಪನಿಗೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಜನರ ಮಂಡಿ ಬಗ್ಗಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಮನಸ್ಸಿನ ತಂಟೆಗೆ ಹೋಗಲು ಪುರಸೊತ್ತೇ ಇರಲಿಲ್ಲ. ಆ ವೀಸಾದ ಅವಧಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಇನ್ನೂ ಎರಡು ವರ್ಷ ಬೇಕೆಂದು ಅರ್ಜಿ ಹಾಕಿದ್ದ. ಅದಕ್ಕೆ ಠಾಣೆಯಿಂದ ‘ಈತನ ನಡತೆ ಸರಿಯಾಗಿದೆ’ ಎಂಬ ರಿಪೋರ್ಟು ಸೋಮವಾರದೊಳಗೆ ಹೋಗಬೇಕಾಗಿತ್ತು. ಹೋಗದಿದ್ದರೆ ಅವನು ಹೋಗಬೇಕಾಗಿತ್ತು. ಹೋಗಲು ಅವನಿಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಚಿಕಿತ್ಸೆಯ ನಡುದಾರಿಯಲ್ಲಿರುವ ಹತ್ತೊಂಬತ್ತು ಮಂಡಿಗಳ ಪಟ್ಟಿ ಆಸ್ಪತ್ರೆಯ ಗೋಡೆಯ ಮೇಲಿತ್ತು.

ಮನುಷ್ಯ ಒಳ್ಳೆಯವನೇ. ದೋಷ ಒಂದೇ. ಯಾರು ಏನು ಹೇಳಿದರೂ ‘ಗೊತ್ತು, ಗೊತ್ತು’ ಎನ್ನುವುದು. ಬಂದ ಹೊಸತರಲ್ಲಿ ಒಂದು ಪ್ರಶ್ನೆ ಕೇಳಿದರೆ ಐದು ಜನ ಸೇರಿ ಆರು ಉತ್ತರ ಹೇಳುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ಹೂಡಿದ ಉಪಾಯ ಚಟವಾಗಿ ಕೂತಿತ್ತು. ಭಾನುವಾರದ ವಿಡಿಯೊ ಕರೆಯಲ್ಲಿ ತಾಯಿಗೂ ಹೇಳುತ್ತಿದ್ದ, ಇಲ್ಲಿಯದೆಲ್ಲ ನನಗೀಗ ಗೊತ್ತು, ಅರ್ಧ ಇಲ್ಲಿಯವನೇ ಆಗಿಬಿಟ್ಟಿದ್ದೇನೆ ಎಂದು. ಕನ್ನಡವನ್ನು ಕಡೂರಿನಲ್ಲಿ ನಿವೃತ್ತ ಪಂಡಿತರೊಬ್ಬರಿಂದ ಕಲಿತಿದ್ದರಿಂದ ಪುಸ್ತಕದ ಹಾಗೆ ಮಾತಾಡುತ್ತಿದ್ದ. ‘ದಯಮಾಡಿ ತಮ್ಮ ಬಲಗಾಲನ್ನು ಮೇಲಕ್ಕೆತ್ತುವ ಕೃಪೆ ಮಾಡಿರಿ’ ಎಂದರೆ ರೋಗಿಗಳು ನೋವಿದ್ದರೂ ಆ ಭಾಷೆಯ ಗೌರವಕ್ಕಾಗಿ ಎತ್ತುತ್ತಿದ್ದರು.

ಅವನು ಬಾಡಿಗೆಗಿದ್ದದ್ದು ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರ ಮನೆಯ ಹಿಂಭಾಗದಲ್ಲಿ. ಅವನ ದೇಶದಲ್ಲಿ ಕಿರಿಯರು ಹಿರಿಯರ ಕೈಹಿಡಿದು ತಮ್ಮ ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆಯುತ್ತಾರೆ. ಬಂದ ಮೊದಲ ದಿನ ಗಂಗಾಧರಯ್ಯನವರ ಹೆಂಡತಿ ಮಲ್ಲಿಕಾಂಬ ಬಾಗಿಲು ತೆಗೆದ ಕೂಡಲೇ ಆಕೆಯ ಕೈಯನ್ನು ಹಣೆಗೆ ಒತ್ತಿಕೊಂಡ. ಮಲ್ಲಿಕಾಂಬ ಗಾಬರಿಯಾಗದೆ, ಅಂಗೈ ತಿರುಗಿಸಿ ಇನ್ನೊಮ್ಮೆ ಮುಟ್ಟಿನೋಡಿ, ‘ಜ್ವರ ಏನಿಲ್ಲ ಕಣಪ್ಪ, ಬಿಸಿಲಿಗೆ ಹಂಗಾಗೈತೆ’ ಎಂದು ಮಜ್ಜಿಗೆ ಕೊಟ್ಟಿದ್ದರು. ಅಂದಿನಿಂದ ದಿನವೂ ಬೆಳಗ್ಗೆ ಅವನು ಆಶೀರ್ವಾದ ಪಡೆಯುತ್ತಿದ್ದ, ಅವರು ಜ್ವರ ನೋಡುತ್ತಿದ್ದರು. ಇಬ್ಬರಿಗೂ ಸಮಾಧಾನವಿತ್ತು.

ಗಂಗಾಧರಯ್ಯನವರಿಗೆ ಅರವತ್ತೈದು. ಎರಡು ವರ್ಷದ ಹಿಂದೆ ಅಜ್ಜಂಪುರದ ಸಂತೆಯಿಂದ ಬರುವಾಗ ಸ್ಕೂಟರಿನಿಂದ ಬಿದ್ದು ಬಲ ಮಂಡಿಯ ಚಿಪ್ಪು ಒಡೆದುಕೊಂಡಿದ್ದರು. ಮೂಳೆ ಕೂಡಿತು, ಕಾಲು ಮಾತ್ರ ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ರೊಮೆಲಪ್ಪ ಏಳು ತಿಂಗಳು ತಿಕ್ಕಿ, ಎಳೆದು, ಬೈಸಿಕೊಂಡು, ಕುರ್ಚಿಯಲ್ಲಿ ಕೂರುವಷ್ಟು ಬಗ್ಗಿಸಿದ್ದ. ನೆಲದ ಮೇಲೆ ಕೂರುವುದು ಇನ್ನೂ ಆಗಿರಲಿಲ್ಲ. ಲಿಂಗಪೂಜೆಗೆ ಸ್ಟೂಲ್ ಮೇಲೆ ಕೂರಬೇಕಲ್ಲ ಎಂಬುದು ಗಂಗಾಧರಯ್ಯನವರ ದೊಡ್ಡ ವ್ಯಥೆ.

ಇನ್ನು ಪ್ರಕರಣಕ್ಕೆ ಬರೋಣ. ಅದಕ್ಕೆ ಒಂದೂವರೆ ತಿಂಗಳ ಹಿನ್ನೆಲೆಯಿದೆ.

ಒಂದು ಬುಧವಾರ ರೊಮೆಲಪ್ಪ ಕಡೂರಿನ ಚರ್ಚಿಗೆ ಹೋದವನು ಹಣೆಯ ಮೇಲೆ ಬೂದಿ ಹಚ್ಚಿಕೊಂಡು ವಾಪಸು ಬಂದ. ಕ್ರೈಸ್ತರಲ್ಲಿ ನಲವತ್ತು ದಿನದ ತಪಸ್ಸುಕಾಲ ಶುರುವಾಗುವುದೇ ಹಾಗೆ. ಎದುರು ಮನೆಯ ದ್ಯಾಮಮ್ಮ ಅದನ್ನು ನೋಡಿ, ‘ಪಾದ್ರಿ ಈಬತ್ತಿ ಇಟ್ಕಂಡವ್ನೆ’ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು. ಮಾರನೇ ದಿನದಿಂದ ಅವನು ಮೀನು, ಮಾಂಸ, ಮೊಟ್ಟೆ ಮೂರೂ ಬಿಟ್ಟ. ಅದೂ ತಪಸ್ಸುಕಾಲದ ವ್ರತವೇ. ಸಂಜೆ ಜಗಲಿಯ ಮೂಲೆಯಲ್ಲಿ ಕಂದು ಮಣಿಗಳ ಜಪಮಾಲೆ ಹಿಡಿದು ತುಟಿ ಅಲ್ಲಾಡಿಸುತ್ತಾ ಕೂತ. ಅದೂ ವ್ರತವೇ. ದ್ಯಾಮಮ್ಮ ಒಂದನ್ನೂ ಬಿಡದೆ ಬರೆದಿಟ್ಟುಕೊಂಡಳು.

ಆ ಗುರುವಾರ ಪವಿತ್ರ ಗುರುವಾರ. ಯೇಸುಸ್ವಾಮಿ ತಾನು ಸಾಯುವ ಹಿಂದಿನ ಸಂಜೆ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಅಂದು ಚರ್ಚಿನ ಗುರುಗಳು ಸಾಮಾನ್ಯರ ಕಾಲು ತೊಳೆಯುತ್ತಾರೆ. ಇಲೊಯಿಲೊದಲ್ಲಿ ರೊಮೆಲಪ್ಪನ ಅಪ್ಪ ಮನೆಯಲ್ಲಿ ಮಕ್ಕಳ ಕಾಲನ್ನೂ ತೊಳೆಯುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷವೂ ತಪ್ಪದೆ ರೊಮೆಲಪ್ಪ ಯಾರದಾದರೂ ಕಾಲು ತೊಳೆದಿದ್ದ. ಈ ಸಲ ಕಡೂರಿನ ಚರ್ಚಿನಲ್ಲಿ ನೀರಿನ ಪಾತ್ರೆ ಹಿಡಿದುಕೊಳ್ಳುವ ಕೆಲಸ ಒಪ್ಪಿಕೊಂಡಿದ್ದ. ಆದರೆ ಆಸ್ಪತ್ರೆಗೆ ಬೀಗ ಹಾಕುವ ಹೊತ್ತಿಗೆ ಅವನ ಬೀದಿಯ ಹುಚ್ಚಮ್ಮ ತನ್ನ ಸೊಂಟ ತೆಗೆದುಕೊಂಡು ಬಂದಳು. ಸೊಂಟಕ್ಕೆ ಹತ್ತು ನಿಮಿಷ ಸಾಕಾಗಿತ್ತು. ಸೊಂಟದ ಕತೆಗೆ ನಲವತ್ತು ನಿಮಿಷ ಹಿಡಿಯಿತು. ಅವನು ಓಡಿ ಸ್ಟೇಷನ್ ಮುಟ್ಟಿದಾಗ ರೈಲಿನ ಕೊನೆಯ ಡಬ್ಬಿ ಕಾಣುತ್ತಿತ್ತು.

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ, ಜಗಲಿಯ ಮೇಲೆ ಗಂಗಾಧರಯ್ಯನವರು ಕುರ್ಚಿಯಲ್ಲಿ ಕೂತು, ಅವನೇ ಹೇಳಿದ್ದ ಹಾಗೆ, ಉಪ್ಪು ಹಾಕಿದ ಬೆಚ್ಚನೆಯ ನೀರಿನಲ್ಲಿ ಕಾಲು ಇಟ್ಟುಕೊಂಡಿದ್ದರು. ನೀರಿದೆ, ಕಾಲಿದೆ, ಗುರುವಾರವಿದೆ. ರೊಮೆಲಪ್ಪನಿಗೆ ಕಣ್ಣು ತುಂಬಿ ಬಂತು.

‘ಯಜಮಾನರೇ, ತಮ್ಮ ಪಾದಗಳನ್ನು ತೊಳೆಯಲು ಅಪ್ಪಣೆ ಕೊಡಿರಿ’ ಎಂದ.

‘ಅದಕ್ಯಾಕಪ್ಪಾ ಅಪ್ಪಣೆ. ದಿನಾ ತಿಕ್ತೀಯಲ್ಲ, ತಿಕ್ಕು’ ಎಂದರು ಗಂಗಾಧರಯ್ಯ.

ಅವನು ಒಳಗೆ ಹೋಗಿ ಶುದ್ಧವಾದ ಅಂಗಿ ಹಾಕಿಕೊಂಡು, ಹಿತ್ತಾಳೆಯ ಚೊಂಬಿನಲ್ಲಿ ಹೊಸ ನೀರು ತಂದ. ನೆಲದ ಮೇಲೆ ಮಂಡಿಯೂರಿ ಎರಡೂ ಕಾಲು ತೊಳೆದು, ಹೊಸ ಟವೆಲಿನಿಂದ ಒರೆಸಿ, ಅಂಗಿಯೊಳಗಿಂದ ದಾರದಲ್ಲಿದ್ದ ಪುಟ್ಟ ಶಿಲುಬೆಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಪ್ರಾರ್ಥಿಸಿದ. ಪ್ರಾರ್ಥಿಸಿದ ನೀರನ್ನು ಚರಂಡಿಗೆ ಚೆಲ್ಲಬಾರದೆಂದು ಅಂಗಳದ ಪತ್ರೆಗಿಡದ ಬುಡಕ್ಕೆ ಹುಯ್ದ. ಓಡಿ ಬಂದ ಬಾಯಾರಿಕೆ ಅದುವರೆಗೆ ಮರೆತಿದ್ದು ಆಗ ನೆನಪಾಯಿತು. ಕಿಟಕಿಯ ಮೇಲಿದ್ದ ಇನ್ನೊಂದು ಚೊಂಬಿನ ಕುಡಿಯುವ ನೀರನ್ನು ಗಟಗಟ ಕುಡಿದ. ಅಷ್ಟರಲ್ಲಿ ಮಲ್ಲಿಕಾಂಬ ತಟ್ಟೆಯಲ್ಲಿ ಉಪ್ಪಿಟ್ಟು ತಂದುಕೊಟ್ಟರು, ತಿಂದ.

ಎದುರು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ದ್ಯಾಮಮ್ಮ ಇಷ್ಟನ್ನೂ ನೋಡಿದಳು. ಚೊಂಬು ಎರಡು ಎಂಬುದೊಂದನ್ನು ಮಾತ್ರ ನೋಡಲಿಲ್ಲ. ಹುಣಸೆಹಣ್ಣನ್ನು ಹಾಗೇ ಬಿಟ್ಟು ಕೊಡ ಎತ್ತಿಕೊಂಡು ನಲ್ಲಿಗೆ ನಡೆದಳು. ಕೊಡ ತುಂಬಿತ್ತು, ಆದರೆ ನಲ್ಲಿಗೆ ಹೋಗಲು ಅದೊಂದು ಅಡ್ಡಿಯಲ್ಲ.

‘ಪಾದಪೂಜೆ ಆಗೋಯ್ತು ಕಣೇ’ ಎಂದು ಹುಚ್ಚಮ್ಮನಿಗೆ ಹೇಳಿದಳು. ‘ಪಾದ್ರಿ ಗಂಗಾಧರಣ್ಣನ ಕಾಲು ತೊಳ್ದು, ಆ ನೀರು ಕುಡ್ಕಂಡ. ನಾನು ಈ ಕಣ್ಣಾಗೆ ನೋಡೀನಿ. ಪಾದೋದಕ ಅಂದ್ರೆ ಅದೇ ತಾನೆ? ಈಬತ್ತಿ ಆವತ್ತೇ ಇಟ್ಕಂಡ. ರುದ್ರಾಕ್ಷಿ ದಿನಾ ಎಣಿಸ್ತಾನೆ. ಅಂಗಿ ಒಳಗೆ ಕೊರಳಾಗೆ ಏನೋ ಕಟ್ಕಂಡವ್ನೆ, ಅಂಗೈಯಾಗಿಟ್ಕಂಡು ಮಂತ್ರ ಹೇಳ್ದ. ಮಲ್ಲಕ್ಕ ಪ್ರಸಾದ ಕೊಟ್ಳು, ತಿಂದ. ಬಾಡು ಬಿಟ್ಟು ಒಂದೂವರೆ ತಿಂಗ್ಳಾಯ್ತು. ಇನ್ನೇನುಳೀತು ಹೇಳು.’

ಹುಚ್ಚಮ್ಮ ಲಿಂಗಾಯತನಾಗಲು ಬೇಕಾದದ್ದನ್ನೆಲ್ಲ ಬೆರಳು ಮಡಚಿ ಎಣಿಸಿ ನೋಡಿದಳು. ಏನೂ ಉಳಿದಿರಲಿಲ್ಲ.

ಮಾರನೇ ದಿನ ಶುಭ ಶುಕ್ರವಾರ. ಕ್ರೈಸ್ತರಿಗೆ ಕಟ್ಟು ಉಪವಾಸ. ಬೆಳಗ್ಗೆ ಮಲ್ಲಿಕಾಂಬ ಕೊಟ್ಟ ಕಾಫಿಯನ್ನು ರೊಮೆಲಪ್ಪ ಕೈಮುಗಿದು ಬೇಡವೆಂದು ಕಡೂರಿನ ರೈಲು ಹತ್ತಿದ. ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಶಿವನಿಯ ಮೂವರು ಒಟ್ಟಿಗೇ ಎದ್ದು ಜಾಗ ಬಿಟ್ಟರು. ಬಂದ ಎರಡು ವರ್ಷದಲ್ಲಿ ಮೊದಲ ಸಲ ಅವನು ಆ ರೈಲಿನಲ್ಲಿ ಕೂತ. ಅಜ್ಜಂಪುರದಲ್ಲಿ ಹತ್ತಿದ ತಮ್ಮಯ್ಯನೆಂಬ ಹಿರಿಯರು, ಇವನ ಹಳೆಯ ರೋಗಿ, ಪಕ್ಕಕ್ಕೆ ಬಂದು ಕೂತು ಪ್ರೀತಿಯಿಂದ ವಿಚಾರಿಸಿದರು.

‘ಏನಪ್ಪಾ, ನಿನ್ನೆ ಪಾದಪೂಜೆ ಆಯ್ತಂತೆ?’

‘ಆಯಿತು’ ಎಂದ ರೊಮೆಲಪ್ಪ. ಸುದ್ದಿ ಅಜ್ಜಂಪುರಕ್ಕೂ ಮುಟ್ಟಿದ್ದು ಕಂಡು ಅವನಿಗೆ ಹೆಮ್ಮೆಯಾಯಿತು.

‘ಮನ್ಸಿಗೆ ಸಮಾಧಾನ ಆಯ್ತಾ?’

‘ಬಹಳ ಸಮಾಧಾನವಾಯಿತು. ಹೊಸ ಮನುಷ್ಯನಾದಂತೆ ಅನ್ನಿಸಿತು.’

‘ಅನ್ನಿಸ್ಲೇಬೇಕು. ಮನೇಲಿ ಹೇಳಿದೀಯ?’

‘ತಾಯಿಯವರಿಗೆ ಹೇಳಿದೆ. ಕಣ್ಣೀರು ಹಾಕಿದರು.’

‘ಹಾಕ್ತಾರೆ ಕಣಪ್ಪ, ಹೆತ್ತ ಕರುಳು. ನಿಧಾನಕ್ಕೆ ಒಪ್ಕಂತಾರೆ’ ಎಂದು ತಮ್ಮಯ್ಯ ಬೆನ್ನು ಸವರಿ, ಕಡಲೆಕಾಯಿ ಕೊಡಹೋದರು. ಇವತ್ತು ಉಪವಾಸ ಎಂದ ರೊಮೆಲಪ್ಪ. ತಮ್ಮಯ್ಯ ಕಡಲೆಕಾಯಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಎಂಥ ಒಳ್ಳೆಯ ಜನ, ನನ್ನ ಹಬ್ಬವನ್ನು ತಮ್ಮದರ ಹಾಗೇ ಕಾಣುತ್ತಾರಲ್ಲ ಎಂದು ರೊಮೆಲಪ್ಪ ಬೀರೂರು ದಾಟುವ ತನಕ ಕಿಟಕಿಯ ಹೊರಗೆ ನೋಡಿ ಕಣ್ಣೊರೆಸಿಕೊಂಡ.

ಸಂಜೆ ವಾಪಸಾದಾಗ ಜಗಲಿಯ ಮೇಲೆ ತೆಂಗಿನಕಾಯಿ, ಬಾಳೆಹಣ್ಣಿನ ರಾಶಿಯಿತ್ತು. ಗಂಗಾಧರಯ್ಯನವರು ಏಪ್ರಿಲ್ ತಿಂಗಳ ಸೆಕೆಯಲ್ಲಿ ಮಗಳ ಮದುವೆಯ ಶಾಲು ಹೊದ್ದು, ಅರೆಗಣ್ಣು ಮುಚ್ಚಿ ಕೂತಿದ್ದರು. ಅವರೇನೂ ಸುಳ್ಳು ಹೇಳಿದವರಲ್ಲ. ಬೆಳಗ್ಗೆ ಮೊದಲು ಬಂದವನು ‘ಪಾದ್ರಿಗೆ ದೀಕ್ಷೆ ಕೊಟ್ರಂತೆ’ ಎಂದು ಅಡ್ಡಬಿದ್ದಾಗ ಅವರಿಗೂ ಗಲಿಬಿಲಿಯಾಗಿತ್ತು. ಇಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಎರಡನೆಯವನು ಬಂದ. ಹನ್ನೊಂದನೆಯವನು ಬರುವ ಹೊತ್ತಿಗೆ, ತನಗೆ ಅರಿವಿಲ್ಲದಂತೆ ತನ್ನಲ್ಲಿ ಏನೋ ಇದ್ದಿರಲೂಬಹುದು ಎಂದು ಅನ್ನಿಸತೊಡಗಿತ್ತು. ಮಧ್ಯಾಹ್ನದ ಮೇಲೆ ಯಾರೋ ಹೊಸ ಟ್ರ್ಯಾಕ್ಟರ್ ತಂದು ಹರಸಿಸಿಕೊಂಡು ಹೋಗಿದ್ದರು.

ಶಾಲು ನೋಡಿ ರೊಮೆಲಪ್ಪ ಅವರ ಹಣೆ ಮುಟ್ಟಿ, ‘ತಮಗೆ ಚಳಿಜ್ವರವೇ?’ ಎಂದು ಕೇಳಿದ.

‘ಜ್ವರ ಅಲ್ಲ, ಗುರುತನ’ ಎಂದರು ಬಾಗಿಲಲ್ಲಿ ನಿಂತ ಮಲ್ಲಿಕಾಂಬ. ‘ನಲವತ್ತು ವರ್ಷದಿಂದ ಆ ಕಾಲಿಗೆ ಎಣ್ಣೆ ತಿಕ್ಕೀನಿ, ನಂಗೊಂದು ಪುಣ್ಯಾನೂ ಕಾಣ್ಲಿಲ್ಲ. ನೀನು ಒಂದಿನ ತೊಳ್ದೆ, ಊರೆಲ್ಲ ಕಾಯಿ ತಂದು ಸುರೀತೈತೆ. ಕೊಬ್ಬರಿ ವ್ಯಾಪಾರ್ದೋರಿಗೆ ಕಾಯಿ ತರ್ತಾರಲ್ಲಪ್ಪ, ಇವ್ರಿಗೇನು ಬುದ್ಧಿ ಐತೋ ಇಲ್ವೋ.’

ರೊಮೆಲಪ್ಪನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ‘ಗೊತ್ತು, ಗೊತ್ತು’ ಎಂದು ನಕ್ಕು ಒಳಗೆ ಹೋದ.

ಶನಿವಾರ ಬೆಳಗ್ಗೆ ಹತ್ತಕ್ಕೆ ಮನೆಯ ಮುಂದೆ ಎರಡು ಆಗಮನಗಳಾದವು. ಮೋಟರ್ ಬೈಕಿನಲ್ಲಿ ಠಾಣೆಯ ದಫೇದಾರ್ ಓಂಕಾರೇಶ್, ಕೈಯಲ್ಲಿ ವೀಸಾ ರಿಪೋರ್ಟಿನ ಫಾರಂ. ಬಸ್‌ಸ್ಟ್ಯಾಂಡ್ ಕಡೆಯಿಂದ ಬಿರಬಿರನೆ ತರೀಕೆರೆಯ ವಿಶ್ವನಾಥ್, ಮಲ್ಲಿಕಾಂಬನವರ ತಮ್ಮ, ಮಠದ ಸಮಿತಿಯ ಕಾರ್ಯದರ್ಶಿ.

ವಿಶ್ವನಾಥ್ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. ‘ಭಾವ, ಇದೇನು ಕಂಡಿದ್ದು? ದೀಕ್ಷೆ ಕೊಡೋಕೆ ಮಠದ ಅಯ್ಯನೋರು ಅವ್ರೆ, ಪಟ್ಟದ ಸ್ವಾಮಿಗಳು ಅವ್ರೆ. ಹೆಸರಿನ ಕೊನೆಗೆ ಅಯ್ಯ ಐತೆ ಅಂತ ಕೊಬ್ಬರಿ ಅಂಗಡೀಲಿ ಕೂತು ಪಾದೋದಕ ಕೊಟ್ರೆ ಹೆಂಗೆ? ಸಮಿತಿಯೋರು ನನ್ನ ಮುಖ ನೋಡಿ ನಗ್ತಾವ್ರೆ.’

ಗಂಗಾಧರಯ್ಯ ಶಾಲನ್ನು ಸರಿಮಾಡಿಕೊಂಡು, ‘ನಾನೇನೂ ಕೊಡ್ಲಿಲ್ಲ ಕಣೋ. ಅದು ತಾನಾಗೇ ಆಯ್ತು’ ಎಂದರು ನಿಧಾನವಾಗಿ.

ಓಂಕಾರೇಶ್ ಇಬ್ಬರನ್ನೂ ಸುಮ್ಮನಿರಿಸಿ ಬೆಂಚಿನ ಮೇಲೆ ಕೂತ. ಅಷ್ಟರಲ್ಲಿ ದ್ಯಾಮಮ್ಮ, ಹುಚ್ಚಮ್ಮ, ಹಿಂದೆ ಅರ್ಧ ಬೀದಿ ಅಂಗಳದಲ್ಲಿ ಸೇರಿತ್ತು. ಓಂಕಾರೇಶ್ ಫಾರಂ ತೆರೆದು, ಪೆನ್ನು ತೆಗೆದು, ರೊಮೆಲಪ್ಪನನ್ನು ಎದುರಿಗೆ ಕೂರಿಸಿಕೊಂಡ.

‘ನೋಡಿ ಸರ್. ಎರಡು ಕಾಲಂ ತುಂಬಿಸೀನಿ. ನಡತೆ ಉತ್ತಮ, ವಾಸ ಖಾಯಂ. ಮೂರ್ನೇದು, ಮತಾಂತರ ನಡೆದಿದೆಯೇ, ಹೌದು ಇಲ್ಲ. ಇಲ್ಲ ಅಂತ ಬರೆಯೋಕೆ ಹೋದ್ರೆ ಠಾಣೆಗೆ ಫೋನು ಬಂದೈತೆ, ನಡೆದೈತೆ ಅಂತ. ಯಾರದು ಅಂದ್ರೆ ನಿಮ್ದೇ ಅಂತೆ. ಈ ಫಾರಂ ಮಾಡ್ದೋರು ಇಂಥದು ನೋಡಿಲ್ಲ. ಯಾರು ಯಾರನ್ನ ಅಂತ ಕೇಳೋ ಕಾಲಮ್ಮೇ ಇಲ್ಲ.’

‘ನನ್ನದೇ?’ ಎಂದ ರೊಮೆಲಪ್ಪ.

‘ನೀವು ಲಿಂಗಾಯತರಾಗಿದೀರ ಅಂತ ಊರು ಹೇಳ್ತೈತೆ. ನಂಗೆ ಸಂತೋಷನೇ. ಆದ್ರೆ ಮಿಷನರಿ ಅಲ್ದೋರಿಗೆ ಮಿಷನರಿ ವೀಸಾ ಹೆಂಗೆ ಕೊಡೋದು? ವಾಪಸ್ ಕಳಿಸ್ತಾರೆ.’

ದ್ಯಾಮಮ್ಮ ತಾನೇ ಮುಂದೆ ಬಂದು, ಬೂದಿಯಿಂದ ಉಪ್ಪಿಟ್ಟಿನವರೆಗೆ ಪೂರ್ತಿ ಸಾಕ್ಷಿ ಹೇಳಿದಳು. ಕೇಳುತ್ತಾ ಕೇಳುತ್ತಾ ರೊಮೆಲಪ್ಪನಿಗೆ ರೈಲಿನ ಸೀಟು, ತೆಂಗಿನಕಾಯಿ, ಶಾಲು ಎಲ್ಲ ಅರ್ಥವಾಗುತ್ತಾ ಬಂತು. ಎರಡು ವರ್ಷ ‘ಗೊತ್ತು ಗೊತ್ತು’ ಎಂದ ಬಾಯಿ ಒಣಗಿ ಹೋಯಿತು.

‘ಇಲ್ಲ, ನಾನು ನನ್ನ ಮತ ಬಿಟ್ಟಿಲ್ಲ’ ಎಂದ.

‘ಸರಿ. ಹಂಗಾದ್ರೆ ಕಾಲು ಯಾಕೆ ತೊಳೆದ್ರಿ?’ ಎಂದು ಕೇಳಿದ ಓಂಕಾರೇಶ್ ತಾನೇ ದಾರಿಯನ್ನೂ ತೋರಿಸಿದ. ‘ಟ್ರೀಟ್‌ಮೆಂಟು ಅಲ್ವಾ? ಉಪ್ಪು ನೀರು, ಮಂಡಿ ನೋವು. ಹೌದು ಅನ್ನಿ, ಬರ್ಕೊಂಡು ಹೋಗ್ತೀನಿ. ನಂಗೂ ಮಧ್ಯಾಹ್ನ ಬೇರೆ ಕೆಲ್ಸ ಐತೆ.’

ಹೌದು ಎಂದರೆ ಮುಗಿಯಿತು. ಅಂಗಳವೆಲ್ಲ ಅವನ ಬಾಯಿ ನೋಡುತ್ತಿತ್ತು. ಗೋಡೆಯ ಮೇಲಿನ ಹತ್ತೊಂಬತ್ತು ಮಂಡಿಗಳು ಅವನ ಕಣ್ಣ ಮುಂದೆ ಬಂದವು. ಅಪ್ಪನೂ ಬಂದ. ಅಪ್ಪ ತೊಳೆಯುತ್ತಿದ್ದದ್ದು ಟ್ರೀಟ್‌ಮೆಂಟಿಗಲ್ಲ.

‘ಚಿಕಿತ್ಸೆ ಅಲ್ಲ’ ಎಂದ ರೊಮೆಲಪ್ಪ. ‘ಆ ದಿನ ನಮ್ಮಲ್ಲಿ ಕಾಲು ತೊಳೆಯುವ ಪದ್ಧತಿ. ರೈಲು ತಪ್ಪಿತು. ಯಜಮಾನರ ಕಾಲು ಎದುರಿಗಿತ್ತು. ತೊಳೆದೆ, ಪ್ರಾರ್ಥಿಸಿದೆ. ಕುಡಿದದ್ದು ಬೇರೆ ಚೊಂಬಿನ ನೀರು. ಇಲ್ಲಿ ಅದಕ್ಕೆ ಇಷ್ಟು ಅರ್ಥವಿದೆಯೆಂದು ನನಗೆ ಗೊತ್ತಿರಲಿಲ್ಲ. ನನಗೆ ಇನ್ನೂ ಬಹಳ ವಿಷಯ ಗೊತ್ತಿಲ್ಲ.’

‘ನಿಮ್ಮಲ್ಲಿ ಯಾರು ಯಾರ ಕಾಲು ತೊಳೀತಾರೆ?’ ಎಂದು ಕೇಳಿದ ವಿಶ್ವನಾಥ್. ಸಮಿತಿಯ ಕಾರ್ಯದರ್ಶಿ, ಬೇಡದ ಜಾಗದಲ್ಲೇ ಅವನ ಬುದ್ಧಿ ಚುರುಕು.

ರೊಮೆಲಪ್ಪ ಸುಳ್ಳು ಹೇಳಲಿಲ್ಲ. ‘ಗುರು ಶಿಷ್ಯರ ಕಾಲು ತೊಳೆಯುತ್ತಾನೆ’ ಎಂದ.

ಅಂಗಳ ಸ್ವಲ್ಪ ಹೊತ್ತು ಲೆಕ್ಕ ಹಾಕಿತು. ಮೊದಲು ಉತ್ತರ ಬಂದದ್ದು ಗಂಗಾಧರಯ್ಯನವರಿಗೆ. ಶಾಲು ಹೆಗಲಿಂದ ಜಾರಿತು.

‘ಅಂದ್ರೆ ಎರಡು ದಿನದಿ‍ಂದ ನಾನು ಶಿಷ್ಯನಾ?’

ಮಲ್ಲಿಕಾಂಬ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ಅಡುಗೆಮನೆಯಿಂದ ನಗು ಕೇಳಿಸಿತು. ವಿಶ್ವನಾಥ್ ಮಾತ್ರ ನಗಲಿಲ್ಲ. ‘ನೋಡ್ರೀ ದಫೇದಾರ್ರೇ, ಇದೇ ಮತಾಂತರ ಅಂದ್ರೆ. ನಮ್ಮ ಭಾವನ್ನ ಕೂತ ಕುರ್ಚೀಲೇ ಕಿರಿಸ್ತಾನರ ಮಾಡವ್ನೆ. ಹೌದು ಅಂತ ಬರೀರಿ’ ಎಂದ.

ಓಂಕಾರೇಶನ ಮುಖ ಬಾಡಿತು. ‘ನಾನು ದಾರಿ ತೋರಿಸ್ದೆ, ನೀವೇ ಬಿಟ್ರಿ ಸರ್’ ಎಂದು ಪೆನ್ನನ್ನು ಮೂರನೇ ಕಾಲಮಿನ ಮೇಲೆ ಇಟ್ಟ.

‘ಅದನ್ನ ಮೇಲೆತ್ತಪ್ಪ’ ಎಂದರು ಗಂಗಾಧರಯ್ಯ.

ಅವರು ಶಾಲನ್ನು ಮಡಚಿ ಪಕ್ಕಕ್ಕಿಟ್ಟರು. ದನಿಯೂ ಮೊದಲಿನ ಕೊಬ್ಬರಿ ಅಂಗಡಿಯ ದನಿಯಾಯಿತು. ‘ಅವ್ನು ಕಾಲು ತೊಳೆವಾಗ ನಂಗೆ ಯಾವ ದೇವ್ರೂ ನೆನಪಾಗ್ಲಿಲ್ಲ. ನಮ್ಮಪ್ಪ ನೆನಪಾದ. ಕೊನೇಗಾಲ್ದಲ್ಲಿ ಒಂದು ವರ್ಷ ಹಾಸಿಗೇಲಿದ್ದ. ಅಂಗಡಿ ಅಂಗಡಿ ಅಂತ ಓಡಾಡ್ದೆ, ಒಂದಿನ ಅವನ ಕಾಲು ಮುಟ್ಟಿ ತೊಳೀಲಿಲ್ಲ. ಈ ಹುಡ್ಗ ಯಾವ ದೇಶದೋನೋ, ನನ್ನ ಕಾಲು ಹಿಡ್ಕಂಡು ಕಣ್ಣೀರು ಹಾಕ್ದ. ನಂಗೆ ನಾಚ್ಕೆ ಆಯ್ತು. ಆ ನಾಚ್ಕೇನೇ ಶಾಲಲ್ಲಿ ಮುಚ್ಕಂಡು ಕೂತಿದ್ದೆ.’

ಹೇಳಿ ಮುಗಿಸಿ ಅವರು ಅಡುಗೆಮನೆಯ ಕಡೆ ತಿರುಗಿದರು.

‘ಮಲ್ಲಿ, ಒಂದು ಬೇಸಿನ್ನಾಗೆ ನೀರು ತಗಂಬಾ’ ಎಂದು ಕೂಗಿದರು. ಮತ್ತೆ ರೊಮೆಲಪ್ಪನ ಕಡೆ ತಿರುಗಿ, ‘ಈ ಕುರ್ಚೀಲಿ ಕೂತ್ಕ’ ಎಂದು ತಾವು ಎದ್ದು ಅವನನ್ನು ಕೂರಿಸಿದರು. ಮಲ್ಲಿಕಾಂಬ ಬೇಸಿನ್ ತಂದಿಟ್ಟರು.

ವಿಶ್ವನಾಥ್ ತಡೆಯಲು ಹೋದ. ‘ಭಾವ, ಈಗ ನೀವು ತೊಳೆದ್ರೆ ನಮ್ಮ ಪದ್ಧತೀಲಿ ಅವ್ನೇ ಗುರು ಆಗ್ತಾನೆ.’

‘ನಮ್ಮಲ್ಲಿ ತೊಳೆಸ್ಕಂಡೋನು ಗುರು, ಅವ್ರಲ್ಲಿ ತೊಳೆದೋನು ಗುರು. ಅವ್ನೂ ತೊಳ್ದು ನಾನೂ ತೊಳೆದ ಮೇಲೆ ಇಬ್ರೂ ಗುರು, ಇಬ್ರೂ ಶಿಷ್ಯ. ಯಾರು ಯಾವ ಕಡೆಗೂ ಹೋದಂಗಾಗ್ಲಿಲ್ಲ. ಎಲ್ಲಿದ್ವೋ ಅಲ್ಲೇ ಅದೀವಿ. ಈಗ ಬರ್ಕೊಳಪ್ಪ ಓಂಕಾರೇಶಿ’ ಎಂದು ಗಂಗಾಧರಯ್ಯ ಗೋಡೆಗೆ ಒಂದು ಕೈ ಕೊಟ್ಟು ಕೆಳಗೆ ಬಗ್ಗಿದರು.

ರೊಮೆಲಪ್ಪ ಬೇಡವೆನ್ನಲು ಎದ್ದವನು ಅರ್ಧದಲ್ಲೇ ನಿಂತ. ಅವನ ಕಣ್ಣು ಗಂಗಾಧರಯ್ಯನವರ ಬಲ ಮಂಡಿಯ ಮೇಲಿತ್ತು. ಏಳು ತಿಂಗಳಿಂದ ಕುರ್ಚಿಯ ಎತ್ತರಕ್ಕೆ ಬಂದು ಹಟ ಹಿಡಿಯುತ್ತಿದ್ದ ಮಂಡಿ ಅದು. ಕುರ್ಚಿಯ ಎತ್ತರ ದಾಟಿತು. ಇನ್ನೂ ಇಳಿಯಿತು. ಎಲ್ಲೋ ಲಟಕ್ಕೆಂದು ಒಂದು ಸದ್ದಾಯಿತು, ಗಂಗಾಧರಯ್ಯ ಹಲ್ಲು ಕಚ್ಚಿದರು, ಮಂಡಿ ನೆಲ ಮುಟ್ಟಿತು.

‘ನೆಲ ಮುಟ್ತು ಕಣ್ರೋ’ ಎಂದಳು ಹುಚ್ಚಮ್ಮ. ಅವಳು ಹಳೆಯ ರೋಗಿ. ಇದರ ಬೆಲೆ ಅವಳಿಗೆ ಗೊತ್ತು. ಆಮೇಲೆ ಅಂಗಳದಲ್ಲಿ ಮತದ ಮಾತೇ ನಿಂತುಹೋಯಿತು. ಮುಂದೆ ನಿಂತವರು ಹಿಂದಿನವರಿಗೆ ಕಾಣಲೆಂದು ಬಗ್ಗಿದರು. ಓಂಕಾರೇಶ್ ಫಾರಂ ಬಿಟ್ಟು ಎದ್ದು ನೋಡಿದ. ವಿಶ್ವನಾಥನೂ ‘ಯಾವ ಎಣ್ಣೆ ಹಾಕ್ತಿದ್ರಿ?’ ಎಂದು ಕೇಳಿಬಿಟ್ಟ.

ಗಂಗಾಧರಯ್ಯ ರೊಮೆಲಪ್ಪನ ಎರಡೂ ಕಾಲು ತೊಳೆದು ಪಂಚೆಯ ತುದಿಯಿಂದ ಒರೆಸಿದರು. ರೊಮೆಲಪ್ಪ ನಗುತ್ತಿದ್ದನೋ ಅಳುತ್ತಿದ್ದನೋ ದ್ಯಾಮಮ್ಮನಿಗೂ ಹೇಳಲಾಗಲಿಲ್ಲ. ಅವನು ಕುರ್ಚಿಯಿಂದ ಎದ್ದದ್ದೇ ತಡ, ಮಲ್ಲಿಕಾಂಬ ಬಂದು ಅದರಲ್ಲಿ ಕೂತು, ಸೀರೆಯ ನೆರಿಗೆ ಒಂದಿಷ್ಟು ಎತ್ತಿ, ಬೇಸಿನ್ನಿನಲ್ಲಿ ಕಾಲಿಟ್ಟರು.

‘ಹೆಂಗೂ ಬಗ್ಗಿದೀರ. ಇದೊಂದು ಜೊತೆ ತೊಳ್ದೇ ಏಳ್ರಿ’ ಎಂದರು.

ಗಂಗಾಧರಯ್ಯ ಒಮ್ಮೆ ಹೆಂಡತಿಯ ಮುಖ ನೋಡಿದರು. ಆಮೇಲೆ ಬಿರುಕು ಬಿಟ್ಟ ಆ ಹಿಮ್ಮಡಿಗಳನ್ನು ಕೈಯಲ್ಲಿ ಹಿಡಿದು, ಅವಸರವಿಲ್ಲದೆ, ಬೆರಳುಗಳ ಸಂದು ಸಂದನ್ನೂ ತೊಳೆದರು. ಮಲ್ಲಿಕಾಂಬ ಯಾರನ್ನೂ ನೋಡದೆ ಸೂರಿನ ಹೆಂಚು ನೋಡುತ್ತಾ ಕೂತರು. ಓಂಕಾರೇಶ್ ಪೆನ್ನು ಹಿಡಿದದ್ದನ್ನು ಕಡೆಗಣ್ಣಿನಿಂದ ಕಂಡು, ‘ಇದನ್ನ ಬರೀಬೇಡಪ್ಪ. ಇದು ನಮ್ಮನೆ ವಿಷಯ’ ಎಂದರು.

ತೊಂದರೆಯಾದದ್ದು ಆಮೇಲೆ. ಗಂಗಾಧರಯ್ಯ ಏಳಲು ನೋಡಿದರು, ಆಗಲಿಲ್ಲ. ಗೋಡೆ ಹಿಡಿದರು, ಆಗಲಿಲ್ಲ. ಏಳು ತಿಂಗಳು ಬಗ್ಗುವುದಕ್ಕೇ ಹೋಗಿತ್ತು. ಏಳುವುದನ್ನು ಯಾರೂ ಯೋಚಿಸಿರಲಿಲ್ಲ. ಕೊನೆಗೆ ಒಂದು ಕಂಕುಳಿಗೆ ಪೊಲೀಸ್ ಇಲಾಖೆ, ಇನ್ನೊಂದು ಕಂಕುಳಿಗೆ ಮಠದ ಸಮಿತಿ ಕೈ ಕೊಟ್ಟು, ನಡುವಿನಲ್ಲಿ ರೊಮೆಲಪ್ಪ ಸೊಂಟ ಹಿಡಿದು, ಮೂವರೂ ಸೇರಿ ಯಜಮಾನರನ್ನು ಎತ್ತಿ ನಿಲ್ಲಿಸಿದರು.

‘ಏಳೋದು ಹೆಂಗೆ ಅಂತ ಯಾವಾಗ ಹೇಳ್ಕೊಡ್ತೀಯಪ್ಪಾ?’ ಎಂದು ಗಂಗಾಧರಯ್ಯ ಏದುಸಿರು ಬಿಡುತ್ತಾ ಕೇಳಿದರು.

‘ಸಮಯ ಹಿಡಿಯುತ್ತದೆ, ಯಜಮಾನರೇ. ಎಷ್ಟು ಎಂದು ನನಗೆ ಗೊತ್ತಿಲ್ಲ’ ಎಂದ ರೊಮೆಲಪ್ಪ.

ಓಂಕಾರೇಶ್ ಒದ್ದೆಯಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬೆಂಚಿನ ಮೇಲೆ ಕೂತು ಬರೆದ. ಬರೆದದ್ದನ್ನು ಅಂಗಳಕ್ಕೆಲ್ಲ ಕೇಳಿಸುವಂತೆ ಓದಿದ:

‘ಸದರಿ ವಿದೇಶೀಯರು ಯಾರನ್ನೂ ಮತಾಂತರ ಮಾಡಿರುವುದಾಗಲೀ ತಾವೇ ಆಗಿರುವುದಾಗಲೀ ವಿಚಾರಣೆಯಲ್ಲಿ ಕಂಡುಬಂದಿರುವುದಿಲ್ಲ. ಮನೆಯ ಮಾಲೀಕರು ಸದರಿಯವರಿಂದ ಬಗ್ಗುವುದನ್ನು ಕಲಿತಿದ್ದು, ಏಳುವುದನ್ನು ಕಲಿಯುವುದು ಬಾಕಿ ಇರುತ್ತದೆ. ಅಲ್ಲಿಯವರೆಗೆ ಸದರಿಯವರು ಶಿವನಿಯಲ್ಲಿ ಇರುವುದು ಅವಶ್ಯವಿರುತ್ತದೆ.’

ವಿಶ್ವನಾಥ್ ಏನೋ ಹೇಳಲು ಬಾಯಿ ತೆರೆದ. ಮಲ್ಲಿಕಾಂಬ ಅವನ ಕೈಗೆ ಕಾಫಿ ಲೋಟ ಕೊಟ್ಟು, ಸಾಕ್ಷಿ ಇದ್ದರೆ ಒಳ್ಳೆಯದೆಂದು ಅವನಿಂದಲೇ ಕೆಳಗೊಂದು ಸಹಿ ಹಾಕಿಸಿದರು.